ಹಳೆಯ ಹಾದಿಗೆ ಹೊಸ ಟ್ರಾಮು

ಬಾನುಲಿಗೆಂದೇ ಬರೆದ ನಾಟಕಗಳ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಸ್ಯಾಮ್ಯುಯೆಲ್ ಬೆಕೆಟ್ಟನ ‘ಆಲ್ ದಟ್ ಫಾಲ್’. ಬಿ.ಬಿ.ಸಿ. ಅದನ್ನು 1957ರ ಜನವರಿಯಲ್ಲಿ ಪ್ರಸಾರ ಮಾಡಿತು. ಕುರುಡ ಗಂಡನನ್ನು ಮನೆಗೆ ಕರೆತರಲು ವಯಸ್ಸಾದ ಹೆಂಗಸೊಬ್ಬಳು ಕಾಲೆಳೆದುಕೊಂಡು ಸ್ಟೇಷನ್ನಿಗೆ ಹೋಗುತ್ತಾಳೆ. ಗಾಡಿ ತಡವಾಗಿ ಬರುತ್ತದೆ. ಏಕೆ ತಡವಾಯಿತೆಂಬುದು ನಾಟಕದ ಕಡೆಯ ಗಳಿಗೆಯಲ್ಲಿ ತಿಳಿಯುತ್ತದೆ. ಕೇಳಿದವರು ಅದನ್ನು ಸುಲಭವಾಗಿ ಮರೆಯಲಾರರು. ನಾಟಕದ ಊರಿಗೆ ಬೇರೆ ಹೆಸರಿದ್ದರೂ ಅದರ ಹಿಂದಿರುವುದು ಬೆಕೆಟ್ ಹುಟ್ಟಿ ಬೆಳೆದ ಫಾಕ್ಸ್‌ರಾಕ್, ಡಬ್ಲಿನ್ ನಗರದ ದಕ್ಷಿಣದ ಹೊರವಲಯ. ಅಲ್ಲಿಗೆ ಗಾಡಿ ಹೊರಡುತ್ತಿದ್ದುದು ಹಾರ್ಕೋರ್ಟ್ ಸ್ಟ್ರೀಟ್ ನಿಲ್ದಾಣದಿಂದ. ನಾಟಕ ಪ್ರಸಾರವಾಗಿ ಎರಡು ವರ್ಷ ತುಂಬುವ ಮೊದಲೇ, 1958ರ ಡಿಸೆಂಬರ್ 31ರಂದು, ಆ ಹಾದಿಯ ಕಡೆಯ ಗಾಡಿ ಓಡಿತು.

ಈ ನಾಟಕವನ್ನು ಹಲವು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ಡಬ್ಲಿನ್ನಿಗೆ ಹೋಗುವ ಅವಕಾಶ ಒದಗಿದಾಗ ಆ ಹಾದಿಯನ್ನು ಹುಡುಕಿ ಹೊರಟೆ. ಹುಲ್ಲು ಬೆಳೆದ ದಿಬ್ಬವೊಂದು ಕಂಡೀತೆಂದು ಹೋದವನಿಗೆ ಕಂಡದ್ದು ಬೆಳ್ಳಿಯ ಬಣ್ಣದ ಟ್ರಾಮು.

1854ರಲ್ಲಿ ಆರಂಭವಾದ ಈ ಮಾರ್ಗ ಸಾಮಾನ್ಯವಾದದ್ದಲ್ಲ. 1900ರಲ್ಲಿ ಜಾನುವಾರು ತುಂಬಿದ ಗಾಡಿಯೊಂದು ತಡೆ ಹಿಡಿಯದೆ ಹಾರ್ಕೋರ್ಟ್ ಸ್ಟ್ರೀಟ್ ನಿಲ್ದಾಣದ ಗೋಡೆಯನ್ನೇ ಒಡೆದು, ಎಂಜಿನ್ನು ಕೆಳಗಿನ ಬೀದಿಯ ಮೇಲೆ ಜೋತುಬಿದ್ದಿತು. ಸತ್ತವರಿಲ್ಲ, ಚಾಲಕ ಒಂದು ಕೈಯನ್ನು ಕಳೆದುಕೊಂಡ. ಮೂವತ್ತರ ದಶಕದಲ್ಲಿ ಜೇಮ್ಸ್ ಡ್ರಮ್ ಎಂಬ ರಸಾಯನ ವಿಜ್ಞಾನಿಯ ಬ್ಯಾಟರಿಯಿಂದ ನಡೆಯುವ ವಿದ್ಯುತ್ ರೈಲುಗಳು ಇಲ್ಲಿ ಓಡಿದವು. 1949ರಲ್ಲಿ ಅವೂ ನಿಂತವು. ಅದೇ ವರ್ಷ ಡಬ್ಲಿನ್ ಬೀದಿಗಳ ಕಡೆಯ ಟ್ರಾಮೂ ನಿಂತಿತು. ಮುಂದಿನ ಒಂಬತ್ತು ವರ್ಷಗಳಲ್ಲಿ ಈ ರೈಲಿನ ಸರದಿ. ನಷ್ಟದ ಲೆಕ್ಕ ತೋರಿಸಿ ಮುಚ್ಚಿದರು. ಬದಲಿಗೆ ಬಸ್ಸು ಎಂದರು. ಹಳಿಗಳನ್ನು ಬೇಗನೆ ಕಿತ್ತರು, ಡಂಡ್ರಮ್ ಎಂಬಲ್ಲಿ ರಸ್ತೆಯ ಮೇಲಿದ್ದ ಸೇತುವೆಯನ್ನೂ ಕೆಡವಿದರು. ನಗರ ತೆಂಕಣಕ್ಕೆ ಹಬ್ಬಿದ್ದು ಆಮೇಲೆ.

ಆದರೆ ಒಂದು ಒಳ್ಳೆಯದಾಯಿತು. ಹಳಿ ಹೋದರೂ ಹಾದಿಯ ಬಹುಭಾಗ ಕಟ್ಟಡಗಳಿಗೆ ಬಲಿಯಾಗಲಿಲ್ಲ. ಡಾಡರ್ ನದಿಯ ಮೇಲೆ ಮಿಲ್‌ಟೌನಿನಲ್ಲಿ ಒಂಬತ್ತು ಕಮಾನುಗಳ ಕಲ್ಲುಸೇತುವೆ ಹೊರೆಯಿಲ್ಲದೆ ನಿಂತೇ ಇತ್ತು. 2004ರ ಜೂನ್ 30ರಂದು ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದಿಂದ ಸ್ಯಾಂಡಿಫರ್ಡ್‌ವರೆಗೆ, ಸುಮಾರು 9 ಕಿಲೋಮೀಟರ್, ಟ್ರಾಮು ಆರಂಭವಾಯಿತು. ಐರಿಷ್ ಭಾಷೆಯಲ್ಲಿ ‘ವೇಗ’ ಎಂಬರ್ಥದ ‘ಲುವಾಸ್’ ಅದರ ಹೆಸರು. ಕೆಡವಿದ ಸೇತುವೆಯ ಬಳಿ ಡಂಡ್ರಮ್ಮಿನಲ್ಲಿ ಗೋಪುರದಿಂದ ಉಕ್ಕಿನ ಹಗ್ಗಗಳು ಇಳಿಬಿದ್ದ ಹೊಸ ಸೇತುವೆ ಕಟ್ಟಬೇಕಾಯಿತು. ಅದಕ್ಕೆ ಐರ್ಲೆಂಡಿನ ಮೊದಲ ರೈಲುಮಾರ್ಗವನ್ನು ನಿರ್ಮಿಸಿದ ವಿಲಿಯಂ ಡಾರ್ಗನ್ ಹೆಸರಿಟ್ಟಿದ್ದಾರೆ. ಕೆಡವಿದವರ ಹೆಸರನ್ನೂ ಪಕ್ಕದಲ್ಲಿ ಕೆತ್ತಬಹುದಿತ್ತು ಎಂದು ನನಗನ್ನಿಸಿತು.

ರೈಲನ್ನೇ ಏಕೆ ಮರಳಿ ತರಲಿಲ್ಲ? ಹಳೆಯ ಮಾರ್ಗಕ್ಕೆ ಒಂದು ಜನ್ಮದೋಷವಿತ್ತು. ಅದರ ನಿಲ್ದಾಣ ನಗರದ ನಡುವಿಗೆ ಮುಟ್ಟದೆ ಬೀದಿಯೊಂದರಲ್ಲಿ ಮುಗಿದುಹೋಗುತ್ತಿತ್ತು. ಬೀದಿಗಿಳಿಯಲು ರೈಲಿಗೆ ಬರುವುದಿಲ್ಲ, ಟ್ರಾಮಿಗೆ ಬರುತ್ತದೆ. ಕಡಿದಾದ ಇಳಿಜಾರನ್ನೂ ತಿರುವನ್ನೂ ಅದು ಸಹಿಸುತ್ತದೆ. ನಾನು ಕುಳಿತಿದ್ದ ಟ್ರಾಮು ಹಳೆಯ ನಿಲ್ದಾಣದ ಮುಖಮಂಟಪದ ಎದುರು ನಿಂತು, ಬೀದಿಯಲ್ಲಿ ಮೆಲ್ಲನೆ ಸರಿದು, ಏರು ಹತ್ತಿ ಚಾರ್ಲ್ಮಾಂಟ್ ಬಳಿ ರೈಲಿನ ಹಳೆಯ ದಿಬ್ಬವನ್ನು ಸೇರಿತು. ಅಲ್ಲಿಂದ ಅದರ ನಡೆಯೇ ಬೇರೆ. 1949ರಲ್ಲಿ ಇವೆರಡನ್ನೂ ಒಂದಾಗಿಸುವ ಯೋಚನೆ ಬಂದಿದ್ದರೆ! ಹಳಿಯ ಅಗಲ ಒಂದು ತೊಡಕು: ಐರಿಷ್ ರೈಲಿನದು 1600 ಮಿಲಿಮೀಟರ್, ಲುವಾಸಿನದು 1435. ನಮ್ಮಲ್ಲಿ ಮೀಟರ್ ಗೇಜನ್ನು ಅಗಲ ಮಾಡಿದರು. ಅಲ್ಲಿ ಅಗಲವಾಗಿದ್ದುದಕ್ಕೆ ಕಿರಿದು ಬಂದಿತು. 2017ರಿಂದ ಈ ಮಾರ್ಗ ನಗರದ ನಡುವನ್ನು ದಾಟಿ ಉತ್ತರಕ್ಕೂ ಹೋಗುತ್ತದೆ.

ಸ್ಯಾಂಡಿಫರ್ಡ್ ಆಚೆಗೆ 2010ರಲ್ಲಿ ಮಾರ್ಗವನ್ನು ಮುಂದುವರಿಸಿದಾಗ ಅದು ಹಳೆಯ ಹಾದಿಯನ್ನು ಬಿಟ್ಟು ಹೊಸ ಬಡಾವಣೆಗಳ ಕಡೆಗೆ ತಿರುಗಿತು. ಫಾಕ್ಸ್‌ರಾಕ್ ಪಕ್ಕಕ್ಕೆ ಉಳಿಯಿತು. ಜನ ಹೆಚ್ಚಿರುವ ಕಡೆಗೆ ವಾಹನ ಹೋಗಬೇಕೆಂಬುದನ್ನು ಒಪ್ಪುತ್ತೇನೆ. ಆದರೂ ಪಾಠ ಹೇಳಿದವನ ಮನಸ್ಸು ಒಪ್ಪಲಿಲ್ಲ. ಸ್ಯಾಂಡಿಫರ್ಡಿನಲ್ಲಿ ಇಳಿದು ಫಾಕ್ಸ್‌ರಾಕಿಗೆ ನಡೆದೇ ಹೋದೆ. ಸಣ್ಣ ಮಳೆ ಹನಿಯುತ್ತಿತ್ತು. ಕೈಗೋಲು ಹಿಡಿದು ಬರುತ್ತಿದ್ದ ವೃದ್ಧೆಯೊಬ್ಬರನ್ನು ನಿಲ್ಲಿಸಿ, ಸ್ಟೇಷನ್ನಿಗೆ ದಾರಿ ಯಾವುದೆಂದು ಕೇಳಿದೆ. ಅವರು ಕೋಲನ್ನೆತ್ತಿ ನಾನು ನಡೆದು ಬಂದ ದಿಕ್ಕನ್ನೇ ತೋರಿಸಿದರು.