ಮಣ್ಣಿನ ಕೊಡದ ಪಾಠ



ಪಾಸ್ಖ ಹಬ್ಬದ ಹೊತ್ತಿಗೆ ನಮ್ಮ ಸಿಂಧನೂರು ಸೀಮೆಯಲ್ಲಿ ಬಿಸಿಲು ಏರಿರುತ್ತದೆ. ತುಂಗಭದ್ರೆಯ ದಡದ ಮುಕ್ಕುಂದದಲ್ಲೂ ಮಣ್ಣಿನ ಕೊಡ ನೆನಪಾಗುವ ಕಾಲವಿದು. ಕೊಡದ ನೀರು ತಂಪಾಗುವುದು ಹೇಗೆ? ಕೊಡದ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಕೊಡದಿಂದಲೇ ಎಳೆದುಕೊಳ್ಳುತ್ತದೆ.

ಆ ಶಾಖ ಎಷ್ಟೆಂದು ನೋಡಿ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಕರಗಿದ ನೀರು 0ಯಿಂದ 100 ಡಿಗ್ರಿಗೆ ಕಾಯಲು ಸುಮಾರು 100 ಕ್ಯಾಲೊರಿ. ಕುದಿಯುವ ಆ ನೀರು ಪೂರ್ತಿ ಆವಿಯಾಗಲು ಇನ್ನೂ ಸುಮಾರು 540 ಕ್ಯಾಲೊರಿ! ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಹಾಕಿದರೂ ನೀರು 100 ಡಿಗ್ರಿ ದಾಟುವುದಿಲ್ಲ. ಶಾಖವೆಲ್ಲ ಆವಿಯಲ್ಲಿ ಅಡಗುತ್ತದೆ. ಆವಿ ಮೈಗೆ ತಾಗಿ ನೀರಾದಾಗ ಆ ಶಾಖ ಚರ್ಮಕ್ಕೆ ಇಳಿಯುತ್ತದೆ. ತಾಯಂದಿರೇ, ಕುಕ್ಕರ್ ಬಳಿ ಮಕ್ಕಳನ್ನು ಬಿಡಬೇಡಿ.

ನಮ್ಮ ಮೈಯೂ ಒಂದು ಕೊಡವೇ. ಬೆವರು ಆವಿಯಾದರೆ ಮೈ ತಂಪು. ಕುಡಿಯುವ ನೀರು ಕಡಿಮೆಯಾದರೆ ಬೆವರಿಲ್ಲ. ಗಾಳಿ ತೇವವಾಗಿದ್ದರೆ ಬೆವರು ಆರುವುದಿಲ್ಲ. ಆಗ ಶಾಖ ಒಳಗೇ ಉಳಿದು ಪ್ರಾಣಕ್ಕೆ ಕುತ್ತು. ಗದ್ದೆಯಲ್ಲಿ ಯಾರಾದರೂ ತಲೆ ಸುತ್ತಿ ತಡವರಿಸಿ ಮಾತಾಡಿದರೆ ನೆರಳಿಗೆ ಕರೆತನ್ನಿ, ಮೈ ಒದ್ದೆ ಮಾಡಿ ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಹಬ್ಬದೂಟ ಹಂಚಿಕೊಳ್ಳುವ ನಾವು ಈ ಬೇಸಿಗೆಯಲ್ಲಿ ದಾರಿಹೋಕರಿಗೂ ಕೂಲಿಯವರಿಗೂ ಮನೆಬಾಗಿಲಲ್ಲಿ ಒಂದು ಕೊಡ ನೀರಿಡೋಣ.