ಅಂಗಸಾಧನೆಯ ಮಾರನೆಯ ದಿನ



ಭಾರವೆತ್ತುವ ಅಂಗಸಾಧನೆಯನ್ನು ಹೊಸದಾಗಿ ಕೈಕೊಂಡವರಿಗೆ ಮೊದಲನೆಯ ದಿನ ಉತ್ಸಾಹ, ಎರಡನೆಯ ದಿನ ಸಂದೇಹ, ಮೂರನೆಯ ದಿನ ಪಶ್ಚಾತ್ತಾಪ. ನಾವೂ ಈ ಮೂರು ಅವಸ್ಥೆಗಳನ್ನು ಅನುಭವಿಸಿದವರೇ. ವಯಸ್ಸು ನಲವತ್ತು ದಾಟಿತು. ಕುಳಿತು ಓದುವುದು, ನಿಂತು ಪಾಠ ಹೇಳುವುದು, ಇವೆರಡನ್ನು ಬಿಟ್ಟರೆ ದೇಹಕ್ಕೆ ಬೇರೆ ಕೆಲಸವಿಲ್ಲವೆಂಬುದನ್ನು ಕಂಡು, ವೈದ್ಯಮಿತ್ರರೊಬ್ಬರ ಮಾತಿನಂತೆ ವ್ಯಾಯಾಮಶಾಲೆಯನ್ನು ಸೇರಿದೆವು. ಮೊದಲ ದಿನವೇ ಹೆಗಲಮೇಲೆ ಬಾರ್‌ಬೆಲ್ಲನ್ನು ಹೊತ್ತು ಬಸ್ಕಿ ತೆಗೆದೆವು. ಮೂರನೆಯ ದಿನ ಕಾಲೇಜಿನ ಮಹಡಿಯ ಮೆಟ್ಟಿಲುಗಳನ್ನು ಗೋಡೆ ಹಿಡಿದುಕೊಂಡು, ಹಿಮ್ಮೊಗವಾಗಿ ಇಳಿಯಬೇಕಾಯಿತು. ವಿದ್ಯಾರ್ಥಿಗಳು ವಿನಯದಿಂದ ನಗುವನ್ನು ತಡೆದುಕೊಂಡರು.

ಈ ನೋವು ಎಂತಹುದು, ಇದಕ್ಕೆ ಅಂಗಮರ್ದನವೂ, ಈಚಿನವರು ಬಳಸುವ ಫೋಮ್ ರೋಲರ್ ಎಂಬ ಸಾಧನವೂ ಎಷ್ಟರಮಟ್ಟಿಗೆ ಪರಿಹಾರ, ಅವುಗಳ ಅಧಿಕಾರ ಎಲ್ಲಿಗೆ ಮುಗಿಯುತ್ತದೆ, ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೈಯಲ್ಲಿ ಲ್ಯಾಕ್ಟಿಕ್ ಆಮ್ಲವೆಂಬ ಕಲ್ಮಷ ಸೇರಿಕೊಂಡು ನೋವಾಗುತ್ತದೆ, ತಿಕ್ಕಿದರೆ ಅದು ಹೊರಟುಹೋಗುತ್ತದೆ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಇದು ನಿಲ್ಲುವ ಮಾತಲ್ಲ. ಶ್ರಮದಿಂದ ರಕ್ತದಲ್ಲಿ ಹೆಚ್ಚಿದ ಆ ಪದಾರ್ಥವು ಸುಮಾರು ಒಂದು ಗಂಟೆಯೊಳಗಾಗಿ ಮೊದಲಿನ ಪ್ರಮಾಣಕ್ಕೆ ಇಳಿದುಬಿಡುತ್ತದೆ. ನೋವಾದರೋ ಮಾರನೆಯ ದಿನ ತಲೆಯೆತ್ತಿ, ಎರಡನೆಯ ಮೂರನೆಯ ದಿನಗಳಲ್ಲಿ ಉಚ್ಚಸ್ಥಿತಿಗೆ ಬಂದು, ವಾರದೊಳಗೆ ಅಡಗುತ್ತದೆ. ಓಡಿಹೋದ ಕಳ್ಳನ ಮೇಲೆ ಮೂರನೆಯ ದಿನದ ಅಪರಾಧವನ್ನು ಹೊರಿಸುವುದು ನ್ಯಾಯವೇ? ಅಮೆರಿಕದ ಶರೀರಶಾಸ್ತ್ರಜ್ಞನಾದ ಥಿಯೊಡೋರ್ ಹಫ್ ಎಂಬಾತನು ೧೯೦೨ರಲ್ಲಿಯೇ, ಈ ನೋವಿಗೆ ಮಾಂಸಖಂಡದ ಒಳಗಡೆ ಆಗುವ ಸೂಕ್ಷ್ಮವಾದ ಹರಿತವೇ ಕಾರಣವಿರಬೇಕೆಂದು ಸೂಚಿಸಿದನು. ಅನಂತರದ ಶೋಧನೆಗಳು ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದಿವೆ. ಖಂಡದ ಎಳೆಗಳು ಅಲ್ಲಲ್ಲಿ ಕೆಡುತ್ತವೆ, ದೇಹವು ಅವುಗಳನ್ನು ಸರಿಪಡಿಸುವಾಗ ಅಲ್ಲಿ ಸ್ವಲ್ಪ ಊತ, ಸ್ವಲ್ಪ ಉರಿ ತೋರುತ್ತದೆ, ನರಗಳು ಸೂಕ್ಷ್ಮವಾಗುತ್ತವೆ.

ಇನ್ನೊಂದು ವಿಶೇಷವುಂಟು. ಈ ಕೇಡು ಭಾರವನ್ನು ಎತ್ತುವಾಗ ಆಗುವುದಕ್ಕಿಂತ ಇಳಿಸುವಾಗ ಆಗುವುದೇ ಹೆಚ್ಚು. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಮೈಸೂರಿನ ಚಾಮುಂಡಿಬೆಟ್ಟದ ಮೆಟ್ಟಿಲುಗಳು ಸಾಕು. ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಇಳಿಯುವಾಗ ಸುಖವಾಗಿಯೇ ಇರುತ್ತದೆ. ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು ಆ ಸುಖವಾದ ಇಳಿತದ ಫಲ. ಇಳಿಯುವಾಗ ತೊಡೆಯ ಖಂಡವು ಬಿಗಿಹಿಡಿದಿದ್ದಂತೆಯೇ ನೀಳವಾಗಬೇಕಾಗುತ್ತದೆ. ಆ ಎಳೆದಾಟದಲ್ಲಿ ಎಳೆಗಳು ನೋಯುತ್ತವೆ.

ಇನ್ನು ಪರಿಹಾರದ ಮಾತು. ನಮ್ಮ ನಾಡಿನಲ್ಲಿ ಮಲ್ಲವಿದ್ಯೆ ಇದ್ದಲ್ಲಿ ಮರ್ದನವೂ ಇದ್ದೇ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೂ ಸ್ಥಾನವುಂಟು, ಅಭ್ಯಂಗಕ್ಕೂ ಸ್ಥಾನವುಂಟು. ಗರಡಿಮನೆಯ ಕೆಮ್ಮಣ್ಣಿನಲ್ಲಿ ಸಾಮು ಮಾಡಿದ ಪೈಲ್ವಾನನು ಎಣ್ಣೆ ಹಚ್ಚಿಸಿ ಮೈ ನೀವಿಸಿಕೊಳ್ಳುವುದು ಸಾಧನೆಯ ಒಂದು ಅಂಗವೇ ಆಗಿದೆ. ಈ ವಾಡಿಕೆ ಬರಿಯ ನಂಬಿಕೆಯಲ್ಲವೆಂಬುದಕ್ಕೆ ಆಧಾರಗಳು ದೊರೆತಿವೆ. ೨೦೧೮ರಲ್ಲಿ ಫ್ರಾನ್ಸ್ ದೇಶದ ವಿದ್ವಾಂಸರು ತೊಂಬತ್ತೊಂಬತ್ತು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಣ್ಣೀರು, ಬಿಗಿಯುಡುಪು ಮೊದಲಾದ ಉಪಾಯಗಳಿಗಿಂತ ಮರ್ದನವೇ ಈ ನೋವನ್ನೂ ಆಯಾಸವನ್ನೂ ಹೆಚ್ಚಾಗಿ ತಗ್ಗಿಸುವುದೆಂದು ಕಂಡುಬಂದಿತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ೧೧ ಮಂದಿ ಯುವಕರು ದಣಿಯುವವರೆಗೆ ಸೈಕಲ್ ತುಳಿದ ಮೇಲೆ, ಅವರ ಒಂದು ಕಾಲನ್ನು ಮಾತ್ರ ಹತ್ತು ನಿಮಿಷ ನೀವಿ, ಎರಡು ಕಾಲುಗಳಿಂದಲೂ ಖಂಡದ ಚೂರುಗಳನ್ನು ತೆಗೆದು ಪರೀಕ್ಷಿಸಿದರು. ೨೦೧೨ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ನೀವಿದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಮೆಯಾಗಿದ್ದುವು. ಲ್ಯಾಕ್ಟಿಕ್ ಆಮ್ಲದ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ.

ಎಲ್ಲರಿಗೂ ದಿನದಿನವೂ ಮೈ ನೀವುವವರು ದೊರೆಯುವುದಿಲ್ಲ. ಆ ಕೊರತೆಯನ್ನು ತುಂಬಲು ಬಂದದ್ದು ಫೋಮ್ ರೋಲರ್. ಇದು ಗಟ್ಟಿಯಾದ ಬುರುಗಿನಿಂದ ಮಾಡಿದ ಉರುಳೆ. ಅಡಿಗೆಮನೆಯ ಲಟ್ಟಣಿಗೆಗೆ ದೊಡ್ಡಣ್ಣನೆನ್ನಬಹುದು. ವ್ಯತ್ಯಾಸವಿಷ್ಟೆ: ಲಟ್ಟಣಿಗೆ ಹಿಟ್ಟಿನ ಮೇಲೆ ಉರುಳುತ್ತದೆ, ಇಲ್ಲಿ ಹಿಟ್ಟೇ ಲಟ್ಟಣಿಗೆಯ ಮೇಲೆ ಉರುಳಬೇಕು. ಅದನ್ನು ನೆಲದಮೇಲಿಟ್ಟು, ತೊಡೆಯನ್ನೋ ಮೀನಖಂಡವನ್ನೋ ಅದರ ಮೇಲೆ ಊರಿ, ಕೈಗಳ ಆಸರೆಯಿಂದ ಹಿಂದಕ್ಕೂ ಮುಂದಕ್ಕೂ ಸರಿಯುವುದು ಕ್ರಮ. ೨೦೧೫ರಲ್ಲಿ ಪ್ರಕಟವಾದ ಕೆನಡಾದ ನ್ಯೂಫೌಂಡ್‌ಲೆಂಡಿನ ಪ್ರಯೋಗವೊಂದರಲ್ಲಿ ಎಂಟು ಮಂದಿ ಭಾರ ಹೊತ್ತು ಹತ್ತು ಹತ್ತರಂತೆ ನೂರು ಬಸ್ಕಿ ತೆಗೆದರು. ಕೂಡಲೇ ಒಮ್ಮೆ, ಮುಂದೆ ದಿನಕ್ಕೊಮ್ಮೆ, ಇಪ್ಪತ್ತು ನಿಮಿಷ ಉರುಳೆಯನ್ನು ಬಳಸಿದಾಗ, ಬಳಸದಿದ್ದಾಗಿಗಿಂತ ತೊಡೆಯ ನೋವು ಕಡಮೆಯಾಗಿತ್ತು.

ಉರುಳೆಯು ಗಂಟುಗಳನ್ನು ಒಡೆಯುತ್ತದೆಂದು ಹೇಳುವವರಿದ್ದಾರೆ. ಅದೇ ನ್ಯೂಫೌಂಡ್‌ಲೆಂಡಿನವರು ಮೀನಖಂಡದಲ್ಲಿ ಒತ್ತಿದರೆ ನೋಯುವ ಜಾಗವಿದ್ದವರ ಇನ್ನೊಂದು ಕಾಲನ್ನು ನೀವಿ ನೋಡಿದರು. ನೋಯುವ ಕಾಲಿಗೇ ಶಮನ ದೊರೆಯಿತು! ಮುಟ್ಟದ ಕಾಲಿನ ಗಂಟು ಒಡೆಯುವುದೆಂತು? ಇಲ್ಲಿ ನಡೆಯುವ ಮುಖ್ಯ ವ್ಯಾಪಾರವು ನರಮಂಡಲದ್ದೆಂದು ತೋರುತ್ತದೆ. ನೋವಿನ ಕೂಗು ತಗ್ಗುತ್ತದೆ. ಕೆಟ್ಟ ಎಳೆಗಳನ್ನು ಸರಿಪಡಿಸುವ ಕೆಲಸವನ್ನು ಕಾಲವೂ ಆಹಾರವೂ ನಿದ್ರೆಯೂ ಮಾಡಬೇಕು. ಈ ಭೇದವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ.

ನಮ್ಮ ಶಿಷ್ಯನೊಬ್ಬನು ನಮ್ಮನ್ನು ನೋಡಿಯೇ ವ್ಯಾಯಾಮಕ್ಕೆ ತೊಡಗಿದನು. ಗೆಳೆಯರೊಡನೆ ಪಂಥ ಕಟ್ಟಿ ಮೊದಲ ದಿನವೇ ನೂರಾರು ಬಸ್ಕಿ ತೆಗೆದನಂತೆ. ಮಾರನೆಯ ದಿನ ಕುಂಟುತ್ತ ಬಂದು, “ಸಾರ್, ತುಂಬ ನೋವು” ಎಂದನು. “ನೋವು ಬಂದದ್ದು ಶುಭಸೂಚನೆಯಪ್ಪ, ಚೆನ್ನಾಗಿ ಎಣ್ಣೆ ತಿಕ್ಕಿಸಿಕೊ” ಎಂದು ನಾವು ನಕ್ಕೆವು. ಅವನು ವಿಧೇಯ ಹುಡುಗ; ಊದಿದ ತೊಡೆಗಳನ್ನು ಗೆಳೆಯರ ಕೈಯಿಂದ ಬಲವಾಗಿ ತಿಕ್ಕಿಸಿಕೊಂಡನು. ಅದರ ಮರುದಿನ ಮೂತ್ರವು ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಸಹಪಾಠಿಯೊಬ್ಬ ಬಂದು ನಮಗೆ ತಿಳಿಸಿದ್ದರಿಂದ ಆಸ್ಪತ್ರೆಗೆ ಕರೆದೊಯ್ದೆವು. ಖಂಡಗಳು ಅತಿಯಾಗಿ ಒಡೆದು, ಅವುಗಳ ಒಳದ್ರವ್ಯ ರಕ್ತಕ್ಕೆ ಸೇರಿ, ಮೂತ್ರಪಿಂಡಗಳಿಗೆ ಅಪಾಯ ಬಂದಿದೆಯೆಂದು ವೈದ್ಯರು ಹೇಳಿದರು. ನಾಳದ ಮೂಲಕ ಹಲವು ದಿನ ಲವಣಜಲವನ್ನು ಕೊಟ್ಟ ಮೇಲೆ ಹುಡುಗ ಗುಣಹೊಂದಿದನು. ಅವನ ತಾಯಿ ನಮಗೆ ಕೃತಜ್ಞತೆ ಹೇಳಿದರು. ನಮ್ಮ ಉಪದೇಶದ ಸಂಗತಿ ಅವರಿಗೆ ತಿಳಿದಿರಲಿಲ್ಲ. ಅದನ್ನು ನಾವೇ ಹೇಳಿದೆವು. ಇಂದು ಈ ಭಾಷಣಕ್ಕೆ ಒಪ್ಪಿದ ಕಾರಣವೂ ಅದೇ.

ಆದ್ದರಿಂದ ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಸಾಮಾನ್ಯವಾದ ನೋವಿಗೆ ಒಂದೊಂದು ಖಂಡಕ್ಕೂ ಒಂದೆರಡು ನಿಮಿಷ ನಿಧಾನವಾಗಿ ಉರುಳಿದರೆ ಮೊದಲಿಗೆ ಸಾಕು. ಉಸಿರು ಬಿಗಿಹಿಡಿಯುವಷ್ಟು ಒತ್ತಬಾರದು. ಮೂಳೆ, ಕೀಲು, ಮಂಡಿಯ ಹಿಂಭಾಗ, ಸೊಂಟದ ಬೆನ್ನೆಲುಬು, ಇವುಗಳ ಮೇಲೆ ಉರುಳೆ ಬೇಡ. ಉಬ್ಬಿದ ರಕ್ತನಾಳವಿರುವವರೂ, ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಒಂದೇ ಕಾಲು ಊದಿ ಬೆಚ್ಚಗಾಗಿದ್ದರೆ ಅದನ್ನು ತಿಕ್ಕಲೇಕೂಡದು. ನೋವಿನೊಡನೆ ಮೂತ್ರ ಕಪ್ಪಾದರೆ, ಕೈಕಾಲು ಬಲಗುಂದಿದರೆ, ಮರ್ದನವನ್ನೆಲ್ಲ ಬಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು.

ಎಲ್ಲಕ್ಕಿಂತ ಮೇಲಾದ ಮದ್ದು ಮೊದಲ ದಿನದ ಸಂಯಮ. ಅಲ್ಪವಾಗಿ ಆರಂಭಿಸಿದರೂ, ಒಮ್ಮೆ ಪಳಗಿದ ಖಂಡವು ಅದೇ ಕೆಲಸಕ್ಕೆ ಮುಂದಿನ ಕೆಲವು ವಾರಗಳವರೆಗೆ ಅಷ್ಟಾಗಿ ನೋಯುವುದಿಲ್ಲ. ಗರಡಿಯ ಹಿರಿಯರು ಹೊಸಬನಿಗೆ ಲೆಕ್ಕವಿಟ್ಟು ಸಾಮು ಕಲಿಸುವುದರಲ್ಲಿರುವ ವಿವೇಕ ಇದು. ನೋವು ಶೌರ್ಯದ ಪದಕವಲ್ಲ, ಹಿಂಡಿ ತೆಗೆಯಬೇಕಾದ ವಿಷವೂ ಅಲ್ಲ. ದೇಹವು ನಮ್ಮೊಡನೆ ಆಡುವ ಮಾತು. ಎಣ್ಣೆಯಿಂದಲೋ ಉರುಳೆಯಿಂದಲೋ ಅದನ್ನು ಸಮಾಧಾನಪಡಿಸಬಹುದು. ಆದರೆ ಸಮಾಧಾನಪಡಿಸುವ ಮೊದಲು ಅದು ಏನು ಹೇಳುತ್ತಿದೆಯೆಂಬುದನ್ನು ಕೇಳಿಕೊಳ್ಳೋಣ.