ಪದರ ಇದ್ದ ಹಾಗೇ ಇದೆ, ಎಲೆಕ್ಟ್ರಾನ್ ದಾಟಿದ್ದು ಹೇಗೆ?

ಸಿಲಿಕಾನ್ ಬಿಲ್ಲೆಯನ್ನು ವಿದ್ಯುದ್ವಾರವಾಗಿ ಬಳಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಆಕ್ಸೈಡ್. ಗಾಳಿಗೆ ತೆರೆದಿಟ್ಟ ಸಿಲಿಕಾನಿನ ಮೇಲೆ ಒಂದೆರಡು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ತಾನಾಗಿಯೇ ಬೆಳೆಯುತ್ತದೆ. ಅದು ಅವಾಹಕ. ಚಿಪ್ ತಯಾರಿಕೆಗೆ ವರವಾದ ಈ ಗುಣ ವಿದ್ಯುದ್ರಸಾಯನಕ್ಕೆ ಶಾಪ: ದ್ರಾವಣದ ಅಣುವಿಗೂ ಸಿಲಿಕಾನಿಗೂ ನಡುವಿನ ಎಲೆಕ್ಟ್ರಾನ್ ವಿನಿಮಯ ಕುಗ್ಗುತ್ತಾ ಹೋಗಿ ಕೊನೆಗೆ ನಿಂತೇಬಿಡುತ್ತದೆ.

ಆಕ್ಸೈಡನ್ನು ತೆಗೆಯುವುದು ಸುಲಭ. ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿದರೆ ಅದು ಕರಗಿಹೋಗಿ, ಮೇಲ್ಮೈಯ ಸಿಲಿಕಾನ್ ಪರಮಾಣುಗಳಿಗೆ ಹೈಡ್ರೋಜನ್ ಬಂದು ಕೂರುತ್ತದೆ. ಕೆಲಸ ಆಯಿತೆಂಬುದು ಬರಿಗಣ್ಣಿಗೇ ತಿಳಿಯುತ್ತದೆ. ಮೊದಲು ಒದ್ದೆಯಾಗಿ ಹೊರಬರುತ್ತಿದ್ದ ಬಿಲ್ಲೆ ಈಗ ಒಣಗಿದ್ದಂತೆಯೇ ಮೇಲೆ ಬರುತ್ತದೆ. ದ್ರವ ಅಂಟದೆ ಹನಿಹನಿಯಾಗಿ ಜಾರುತ್ತದೆ. ಆದರೆ ಈ ಹೈಡ್ರೋಜನ್ ಹೊದಿಕೆ ನೀರಿನಲ್ಲಿ ಬಹಳ ಹೊತ್ತು ಬಾಳುವುದಿಲ್ಲ. ಆಕ್ಸೈಡ್ ಮತ್ತೆ ತಲೆಯೆತ್ತುತ್ತದೆ.

ಇದಕ್ಕೊಂದು ಗಟ್ಟಿ ದಾರಿ ತೋರಿಸಿದವರು ಕ್ರಿಸ್ಟೋಫರ್ ಚಿಡ್ಸೆ ಮತ್ತು ಅವರ ಶಿಷ್ಯ ಮ್ಯಾಥ್ಯೂ ಲಿನ್‌ಫರ್ಡ್. ಇಂಗಾಲದ ಸರಪಳಿಗಳನ್ನು ಸಿಲಿಕಾನಿಗೆ ನೇರವಾಗಿ, ಸಹವೇಲೆನ್ಸಿ ಬಂಧದಿಂದಲೇ ಜೋಡಿಸಿ ಒಂದೇ ಅಣುವಿನಷ್ಟು ದಪ್ಪದ ಪದರ ಕಟ್ಟಬಹುದೆಂದು ಅವರು 1993ರಲ್ಲಿ ಪ್ರಕಟಿಸಿದರು. ನಡುವೆ ಆಕ್ಸೈಡಿಗೆ ಜಾಗವೇ ಇಲ್ಲದ ಹಾಗೆ ಸಿಲಿಕಾನ್–ಇಂಗಾಲ ಬಂಧ. ಗುರುಶಿಷ್ಯರ ಈ ಪುಟ್ಟ ಲೇಖನವಿಲ್ಲದಿದ್ದರೆ ಮುಂದಿನ ಚರ್ಚೆಗೆ ನೆಲೆಯೇ ಇರುತ್ತಿರಲಿಲ್ಲ.

ಪದರ ಸಿಲಿಕಾನನ್ನು ಕಾಯುತ್ತದೆ, ನಿಜ. ಆದರೆ ಎಲೆಕ್ಟ್ರಾನನ್ನೂ ತಡೆಯುತ್ತದೆ. ಎಲೆಕ್ಟ್ರಾನ್ ಇಂಥ ಪದರವನ್ನು ದಾಟುವುದು ಕ್ವಾಂಟಂ ಸುರಂಗ ಪರಿಣಾಮದಿಂದ. ಸರಪಳಿಗೆ ಒಂದೊಂದು ಇಂಗಾಲ ಸೇರಿದಂತೆಲ್ಲ ದಾಟುವ ವೇಗ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ತೆಳುವಾದರೆ ರಕ್ಷಣೆ ಸಾಲದು, ದಪ್ಪವಾದರೆ ವಿದ್ಯುತ್ ಹರಿಯದು.

ಚಿನ್ನ ಪ್ರವೇಶಿಸುವುದು ಇಲ್ಲಿ. ಚಿನ್ನದ ಅತಿಸಣ್ಣ ಕಣಗಳು ದ್ರವಕ್ಕೆ ಮಾಣಿಕ್ಯದ ಕೆಂಪು ಕೊಡುತ್ತವೆಂದು ಮೈಕೆಲ್ ಫ್ಯಾರಡೆ 1857ರಲ್ಲೇ ವಿವರಿಸಿದ್ದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರ ಸೀಸೆಗಳು ಇಂದಿಗೂ ಇವೆ. ಈಗಿನ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ನಡೆಯುವುದು 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ವಿವರಿಸಿದ ಕ್ರಮ. ಕುದಿಯುವ ಚಿನ್ನದ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಸುರಿದರೆ ನಸುಹಳದಿ ಬಣ್ಣ ಮಾಯವಾಗಿ, ಕಪ್ಪುನೀಲಿ ಛಾಯೆ ಮೂಡಿ, ಆಮೇಲೆ ಕೆಂಪು ನಿಲ್ಲುತ್ತದೆ. ಸಿಟ್ರೇಟ್ ಹೊದ್ದ ಈ ಕಣಗಳ ಮೈಮೇಲೆ ಋಣ ವಿದ್ಯುದಂಶ. ಸಿಲಿಕಾನ್ ಮೇಲಿನ ಪದರದ ತುದಿಯಲ್ಲಿ ಅಮೈನ್ ಗುಂಪುಗಳನ್ನು ಇಟ್ಟಿದ್ದರೆ ಕಣಗಳು ಅಲ್ಲಿ ತಾವಾಗಿ ಅಂಟಿಕೊಳ್ಳುತ್ತವೆ.

ಇನ್ನೊಂದು ಹತ್ತಿರದ ದಾರಿಯೂ ಇದೆ. ಫ್ಲೋರೈಡ್ ಬೆರೆಸಿದ ಚಿನ್ನದ ಲವಣದಲ್ಲಿ ಬರಿಯ ಸಿಲಿಕಾನನ್ನು ಅದ್ದಿದರೆ ಸಿಲಿಕಾನ್ ಕರಗುತ್ತಾ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಚಿನ್ನ ಅಲ್ಲೇ ಕಣವಾಗಿ ಕೂರುತ್ತದೆ. ಬೇಗ ಮುಗಿಯುವ ಕೆಲಸ. ಆದರೆ ಕಣದ ಗಾತ್ರ ಹಿಡಿತಕ್ಕೆ ಸಿಗುವುದು ಕಷ್ಟ. ಸಿಲಿಕಾನ್ ಮೈಯೂ ಕೊರೆದುಹೋಗುತ್ತದೆ. ಎಚ್ಚರದ ಅಳತೆಗೆ ಪದರದ ದಾರಿಯೇ ಮೇಲು.

ಬೆರಗಿನ ಸಂಗತಿ ಮುಂದಿನದು. ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣದಲ್ಲಿ ವೋಲ್ಟೇಜನ್ನು ಏರಿಸಿ ಇಳಿಸಿ ವಿದ್ಯುತ್ ಅಳೆದರೆ ಒಳ್ಳೆಯ ವಿದ್ಯುದ್ವಾರ ಎದುರುಬದುರಾದ ಎರಡು ಉಬ್ಬುಗಳ ರೇಖೆ ಕೊಡುತ್ತದೆ. ದಟ್ಟ ಪದರ ಕಟ್ಟಿದ ಮೇಲೆ ಉಬ್ಬುಗಳು ಅಳಿದು ರೇಖೆ ಚಪ್ಪಟೆಯಾಗುತ್ತದೆ. ಅದೇ ಪದರದ ಮೇಲೆ ಚಿನ್ನದ ಕಣಗಳನ್ನು ಕೂರಿಸಿದರೆ ಉಬ್ಬುಗಳು ಮರಳಿ ಬರುತ್ತವೆ. ಪದರ ತೆಳುವಾಗಿಲ್ಲ, ಎಲ್ಲಿಗೂ ಹೋಗಿಲ್ಲ. ಹಾಗಾದರೆ ಎಲೆಕ್ಟ್ರಾನ್ ದಾಟಿದ್ದು ಹೇಗೆ?

ಪದರದ ಸೀಳುಗಳಲ್ಲಿ ಕಣ ಇಳಿದು ತಳಕ್ಕೆ ತಾಗಿರಬೇಕು ಎಂಬುದು ಮೊದಲು ಹೊಳೆಯುವ ಉತ್ತರ. 2011ರಲ್ಲಿ ಫ್ರಾನ್ಸಿನ ಜಾನ್-ನೋಯೆಲ್ ಶಾಜಲ್ವಿಯೆಲ್ ಮತ್ತು ಫಿಲಿಪ್ ಅಲೋಂಗ್ ಬೇರೊಂದು ಉತ್ತರ ಕೊಟ್ಟರು. ದ್ರಾವಣದ ಅಣುವಿನಲ್ಲಿ ಎಲೆಕ್ಟ್ರಾನಿಗೆ ಇರುವುದು ಒಂದೇ ಶಕ್ತಿಮಟ್ಟ. ಅದೂ ಅಣುವಿನ ಸುತ್ತಲ ನೀರು ಸರಿಹೊಂದಿಕೊಂಡಾಗ ಮಾತ್ರ ಒದಗುತ್ತದೆ. ಲೋಹದ ಕಣದಲ್ಲಾದರೋ ಶಕ್ತಿಮಟ್ಟಗಳು ಒತ್ತೊತ್ತಾಗಿವೆ. ಹಳ್ಳ ಹಾರುವವನಿಗೆ ಆಚೆ ಕಡೆ ಒಂದೇ ಅಲುಗಾಡುವ ಕಲ್ಲು ಇರುವುದಕ್ಕೂ ಇಡೀ ದಡವೇ ಇರುವುದಕ್ಕೂ ಇರುವ ವ್ಯತ್ಯಾಸ ಇದು. ತಳದ ಲೋಹದಿಂದ ಕಣಕ್ಕೆ ಜಿಗಿತ ಎಷ್ಟೋ ಪಟ್ಟು ಸಲೀಸಾದ್ದರಿಂದ ಪದರದ ದಪ್ಪ ಒಂದು ಮಿತಿಯವರೆಗೆ ಲೆಕ್ಕಕ್ಕೇ ಬರುವುದಿಲ್ಲ. ಒಟ್ಟು ವೇಗವನ್ನು ತೀರ್ಮಾನಿಸುವುದು ಕಣದಿಂದ ಅಣುವಿಗೆ ಆಗುವ ವರ್ಗಾವಣೆ. ಸೀಳಿನ ವಾದಕ್ಕಿಂತ ಇದು ಬಲವಾದ ವಾದ, ಏಕೆಂದರೆ ಬೇರೆ ಬೇರೆ ಉದ್ದದ ಸರಪಳಿಗಳ ಮೇಲೆ ಒಂದೇ ಬಗೆಯ ರೇಖೆ ಬರುವುದನ್ನು ಅದು ನೇರವಾಗಿ ವಿವರಿಸುತ್ತದೆ. ಸೀಳುಗಳನ್ನು ನಂಬಿದರೆ ಪ್ರತಿ ಪದರದಲ್ಲೂ ಅಷ್ಟೇ ಅನುಕೂಲಕರ ಸೀಳುಗಳಿದ್ದವೆಂದು ಊಹಿಸಬೇಕಾಗುತ್ತದೆ.

ಆದರೆ ಆ ಲೆಕ್ಕ ಹಾಕಿದ್ದು ಲೋಹದ ತಳಕ್ಕೆ. ಸಿಲಿಕಾನ್ ಅರೆವಾಹಕ; ಅದರ ನಿಷಿದ್ಧ ಅಂತರ 1.12 ಎಲೆಕ್ಟ್ರಾನ್ ವೋಲ್ಟ್. ಅನ್ಯ ಪರಮಾಣುಗಳ ಬೆರಕೆ ಹೆಚ್ಚಿದ್ದರೆ ಅದು ಸುಮಾರಾಗಿ ಲೋಹದಂತೆ ವರ್ತಿಸುತ್ತದೆ, ಲೆಕ್ಕವೂ ಒಪ್ಪುತ್ತದೆ. ಬೆರಕೆ ಕಡಿಮೆಯಿದ್ದರೆ ಪದರಕ್ಕೆ ಹಿಂದೆ, ಸಿಲಿಕಾನಿನ ಒಳಗೇ ವಾಹಕಗಳು ಖಾಲಿಯಾದ ಇನ್ನೊಂದು ವಲಯ ಎದ್ದು ನಿಲ್ಲುತ್ತದೆ. ಆಗ ಬೆಳಕು ಬೀಳದೆ ವಿದ್ಯುತ್ ಹರಿಯುವುದಿಲ್ಲ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಸ್ಟಿನ್ ಗುಡಿಂಗ್ ಅವರ ತಂಡ ಈ ಕೊರತೆಯನ್ನೇ ಉಪಯೋಗಕ್ಕೆ ತಂದಿತು: ಇಡೀ ಬಿಲ್ಲೆಗೆ ಒಂದೇ ತಂತಿ, ಬೆಳಕಿನ ಚುಕ್ಕೆ ಬಿದ್ದಲ್ಲಿ ಮಾತ್ರ ವಿದ್ಯುದ್ವಾರ ಜೀವಂತ.

ಅಂಥ ಮೇಲ್ಮೈಯಲ್ಲಿ ಕಣದ ಪಾತ್ರ ಏನು? ಪದರ ದಾಟಿಸುವುದಷ್ಟೇ ಅದರ ಕೆಲಸವೋ, ಅಥವಾ ತನ್ನ ಕೆಳಗಿನ ಸಿಲಿಕಾನಿನ ವಿದ್ಯುತ್ ಕ್ಷೇತ್ರವನ್ನೂ ಅದು ಬದಲಿಸುತ್ತದೆಯೋ? ವೇಗವನ್ನು ತಡೆಹಿಡಿಯುವುದು ಪದರವೋ, ಖಾಲಿ ವಲಯವೋ, ಕಣದ ಹೊರಮೈಯೋ? ತಿಂಗಳುಗಟ್ಟಲೆ ಬಳಸಿದ ಬಿಲ್ಲೆಯಲ್ಲಿ, ಕಣದ ಅಡಿಯಲ್ಲಿ ಆಕ್ಸೈಡ್ ಸದ್ದಿಲ್ಲದೆ ಬೆಳೆದಿದ್ದರೆ ಅಳತೆಯ ರೇಖೆ ಅದನ್ನು ತೋರಿಸುತ್ತದೆಯೋ, ಅಥವಾ ಆ ತೆಳು ಆಕ್ಸೈಡನ್ನೂ ಚಿನ್ನ ಅದೇ ಸುರಂಗದಿಂದ ದಾಟಿಸಿಬಿಡುತ್ತದೆಯೋ?